ಜೈತೂನ್ ಬೀಗೆ ಬಂದ ಈದಿ

ಜೈತೂನ್ ಬೀ ಚಳ್ಳಕೆರೆಯ ನಮ್ಮ ಓಣಿಯಲ್ಲಿ ಮೂವತ್ತು ವರ್ಷದಿಂದ ಶಾವಿಗೆ ಮಾಡಿ ಮಾರುವ ಹೆಂಗಸು. ಈ ರಂಜಾನಿನಲ್ಲಿ ಅವಳ ಶಾವಿಗೆ ಮೆಷಿನ್ ಕೆಟ್ಟು ಕೂತಿತು. ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ದಾನದ ಹಣವೆಂದು ಗೊತ್ತಾದರೆ ಕೊಟ್ಟವರ ಮುಖಕ್ಕೇ ಎಸೆಯುವ ಸ್ವಭಾವ ಅವಳದು.

ಓಣಿಯವರು ಬಡವರಿಗೆಂದು ಕೂಡಿಸುವ ಜಕಾತ್ ಹಣ ಯಾರಿಗೆ ಸೇರಬೇಕೆಂದು ಈ ಸಲ ತೀರ್ಮಾನಿಸಿದ್ದು ಹೈಸ್ಕೂಲು ಮಕ್ಕಳು. ಹಿರಿಯರು ವರ್ಷವೂ ಜಗಳವಾಡಿ ಕೆಡಿಸುತ್ತಿದ್ದರು, ನಾನೂ ಅವರಲ್ಲೊಬ್ಬ. ಮಕ್ಕಳು ಒಂದೇ ಸಂಜೆಯಲ್ಲಿ ಒಪ್ಪಿಕೊಂಡರು: ಜೈತೂನ್ ಬೀಗೆ ಹೊಸ ಮೆಷಿನ್. ಜಕಾತ್ ಎಂದು ಬಾಯಿಬಿಟ್ಟು ಹೇಳಬೇಕಿಲ್ಲ, ಹಬ್ಬದ ದಿನದ ಕಾಣಿಕೆ, ಈದಿ ಎಂದು ಕೊಟ್ಟರಾಯಿತು.

ಮರುದಿನ ಹತ್ತನೇ ಕ್ಲಾಸಿನ ಶಾಯಿಸ್ತಾ ನನ್ನ ಸೈಕಲ್ ಅಂಗಡಿಗೆ ಓಡಿ ಬಂದಳು.

"ದಾದಾ, ತಪ್ಪಾಗೈತೆ. ಈದಿ ದೊಡ್ಡೋರು ಚಿಕ್ಕೋರಿಗೆ ಕೊಡೋದು. ನಾವು ಕೊಟ್ರೆ ಜಕಾತ್ ಅಂತ ಜೈತೂನ್ ನಾನಿಗೆ ಗೊತ್ತಾಗಿಬಿಡ್ತೈತೆ. ಓಣಿಯಾಗೆ ಅವ್ರಿಗಿಂತ ದೊಡ್ಡೋರು ನೀವೊಬ್ರೇ."

ಎಪ್ಪತ್ತೊಂಬತ್ತು ವರ್ಷ ಬದುಕಿದ್ದಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಹಬ್ಬದ ನಮಾಜ್ ಮುಗಿಸಿ ಮೆಷಿನ್ನಿನ ದುಡ್ಡಿದ್ದ ಲಕೋಟೆ ಹಿಡಿದು ಅವಳ ಮನೆಗೆ ಹೋದೆ. ಮಕ್ಕಳೆಲ್ಲ ಬಾಗಿಲಾಚೆ ಗೋಡೆಗೆ ಅಂಟಿಕೊಂಡು ನಿಂತರು.

"ತಗೋಮ್ಮಾ, ಈದಿ" ಎಂದೆ.

ಜೈತೂನ್ ಬೀ ನನ್ನನ್ನು ದಿಟ್ಟಿಸಿದಳು. ಬೈಗುಳ ಬರುತ್ತದೆಂದು ಕಾದೆ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಎರಡೂ ಕೈ ಒಡ್ಡಿದಳು. ಗೋಡೆಯಾಚೆ ಮಕ್ಕಳು ಉಸಿರು ಬಿಟ್ಟದ್ದು ಕೇಳಿಸಿತು, ನಾನೂ ಬಿಟ್ಟೆ.

"ಅಪ್ಪ ಹೋದ ಮೇಲೆ ನಂಗೆ ಯಾರೂ ಈದಿ ಕೊಟ್ಟಿರ್ಲಿಲ್ಲ, ಭಾಯ್" ಎಂದಳು.