ದೇವಿಯ ಕೊನೆಯ ಕೂಗು

ಮಗಳಿಗೆ ಆಗ ನಾಲ್ಕು ವರ್ಷ. ಸಂಜೆ ಕೆಲಸ ಮುಗಿಸಿ ಬಂದ ಅಮ್ಮ ಬಾಯಿ ತೆರೆದರೆ ಬರೀ ಗಾಳಿ. ಕೈಸನ್ನೆ ಮಾಡಿ ಊಟಕ್ಕೆ ಕರೆದರೆ ಮಗು ಬೆಚ್ಚಿ ಬಾಗಿಲ ಹಿಂದೆ ಹೋಗಿ ನಿಂತಿತು. ಮೂರನೇ ದಿನ ದನಿ ಮರಳಿದಾಗ ಅಮ್ಮ ಮೊದಲು ಆಡಿದ ಮಾತು ಇದು: "ಇನ್ಮೇಲೆ ಯಾವತ್ತೂ ದನಿ ಕಳ್ಕೊಂಡು ಮನೆಗೆ ಬರಲ್ಲ ಕಂದ." ಹನ್ನೊಂದು ವರ್ಷದಿಂದ ಆ ಮಾತನ್ನು ಅವರು ಉಳಿಸಿಕೊಂಡು ಬಂದಿದ್ದಾರೆ.

ಬೆಳಗಿನ ಐದು ಗಂಟೆ. ಮೂರನೇ ಮಹಡಿಯಲ್ಲಿ, ಗೋಡೆಗೆಲ್ಲ ಹಳೇ ಹಾಸಿಗೆ ಬಡಿದ ಪುಟ್ಟ ರೆಕಾರ್ಡಿಂಗ್ ಕೋಣೆ. ಎಂಟಕ್ಕೆ ಕೆಳಗಿನ ತಗಡಿನ ವರ್ಕ್‌ಶಾಪು ಶುರುವಾದರೆ ಸುತ್ತಿಗೆ ಸದ್ದು ಗೋಡೆ ಹತ್ತಿ ಬರುತ್ತದೆ. ಅದಕ್ಕೇ ಈ ಹೊತ್ತು. ಫ್ಯಾನು ಹಾಕುವಂತಿಲ್ಲ. ಕೈಗಡಿಯಾರ ಬಿಚ್ಚಿಡಬೇಕು. ಹೊಟ್ಟೆ ಗುರ್ ಎಂದರೂ ಮೈಕಿಗೆ ಕೇಳುತ್ತದೆಂದು ದಾರಿಯಲ್ಲೇ ಎರಡು ಬ್ರೆಡ್ಡು ತಿಂದು ಬರುತ್ತಾರೆ. ನಲವತ್ತಾರರ ಈ ಅಮ್ಮ ಬರಿಗಾಲಲ್ಲಿ ನಿಂತು, ಕಣ್ಣು ಮುಚ್ಚಿ, "ಏಳು ಮಗು, ನಿನ್ನ ಕೆಲಸ ಇನ್ನೂ ಮುಗಿದಿಲ್ಲ" ಎನ್ನುತ್ತಾರೆ. ಗಾಜಿನಾಚೆ ಕೂತ ರೆಕಾರ್ಡಿಂಗ್‌ನವನಿಗೆ ಇಷ್ಟು ವರ್ಷವಾದರೂ ಮೈ ಜುಮ್ಮೆನ್ನುತ್ತದಂತೆ.

ಮೊಬೈಲಿನಲ್ಲಿ ಆಡುವ ಆಟವೊಂದರ ದೇವಿ ಇವರು. ಕತ್ತಿ ಹಿಡಿದು ರಾಕ್ಷಸರ ಬೆನ್ನು ಹತ್ತಿದ ಆಟಗಾರ ಸತ್ತಾಗಲೆಲ್ಲ ಕೊಳದಿಂದ ಎದ್ದು ಬಂದು ಮತ್ತೆ ಜೀವ ಕೊಡುವವಳು. ಪರದೆಯ ಮೇಲಿನ ಮುಖ ಯಾರೋ ಬರೆದದ್ದು. ದನಿ ಮಾತ್ರ ಇವರದು. ಇದುವರೆಗೆ ನಾಲ್ಕು ಸಾವಿರ ಚಿಲ್ಲರೆ ಮಾತು ಆಡಿದ್ದಾರೆ. 'ಏಳು ಮಗು' ಒಂದನ್ನೇ ಹದಿನೇಳು ಬಗೆಯಲ್ಲಿ ಹೇಳಿದ್ದಾರೆ.

ಈ ಮಾತುಗಳು ಕಥೆಯಾಗಿ ಕೈಗೆ ಬರುವುದಿಲ್ಲ, ಪಟ್ಟಿಯಾಗಿ ಬರುತ್ತವೆ. "'ಬಾ' ಅಂತ ಒಂದೇ ಪದ ಇರುತ್ತೆ. ಯಾರನ್ನ ಕರೀಲಿ? ಮಗನನ್ನೋ, ಶತ್ರುನೋ? ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಸರಿ, ಎರಡೂ ಥರ ಕರೆದುಕೊಡ್ತೀನಿ, ಬೇಕಾದ್ದು ಇಟ್ಕೊಳ್ಳಿ ಅಂತೀನಿ," ಎಂದು ನಗುತ್ತಾರೆ.

ಹತ್ತು ಗಂಟೆಗೆ ದೇವಿ ಬಸ್ಸು ಹತ್ತುತ್ತಾಳೆ. ಆಸ್ಪತ್ರೆಯೊಂದರ ಕೌಂಟರಿನಲ್ಲಿ ಟೋಕನ್ ಕೂಗುವುದು ಇವರ ಹಗಲಿನ ಕೆಲಸ. ದಿನಕ್ಕೆ ಇನ್ನೂರು ಇನ್ನೂರೈವತ್ತು ನಂಬರು. ಒಮ್ಮೆ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡ ಗಂಡಸೊಬ್ಬ ಬೆಂಚಿನಲ್ಲಿ ಕೂತು ಅದೇ ಆಟ ಆಡುತ್ತಿದ್ದ. ಸಾಯುತ್ತಿದ್ದ, ಏಳುತ್ತಿದ್ದ. ಇವರು ನಲವತ್ತೆರಡು ಎಂದು ಕೂಗಿದ್ದಕ್ಕೆ ರೇಗಿದ: "ಮೇಡಂ, ಸ್ವಲ್ಪ ಮೆಲ್ಲಗೆ ಕೂಗ್ರಿ. ದೇವಿ ಏನ್ ಹೇಳ್ತಿದಾಳೋ ಕೇಳಿಸ್ತಿಲ್ಲ."

"ಏನ್ ಮಾಡ್ಲಿ? ಸಾರಿ ಅಂದೆ. ಅವನ ನಂಬರೇ ನಲವತ್ತೆರಡು!"

ನಗು ಅಲ್ಲಿಗೇ ನಿಲ್ಲುತ್ತದೆ. ಜೋರಾಗಿ ನಕ್ಕರೆ ಕೆಮ್ಮು ಬರುತ್ತದೆ.

ದೇವಿ ಬರೀ ಹರಸುವವಳಲ್ಲ. ಯುದ್ಧ ಮಾಡುತ್ತಾಳೆ, ಏಟು ತಿನ್ನುತ್ತಾಳೆ, ಕಿರುಚುತ್ತಾಳೆ. ಕಿರುಚಾಟವನ್ನು ರೆಕಾರ್ಡಿಂಗಿನ ಕೊನೆಗೆ ಇಟ್ಟುಕೊಳ್ಳುವುದು ಈ ಕಸುಬಿನ ಕಟ್ಟಳೆ. ಮೊದಲೇ ಕಿರುಚಿದರೆ ಉಳಿದ ಮಾತಿಗೆ ಗಂಟಲೇ ಇರುವುದಿಲ್ಲ. ಹೊಸದರಲ್ಲಿ ಇದು ಗೊತ್ತಿಲ್ಲದೆ ಬೆಳಗ್ಗೆಯಿಂದ ಕಿರುಚಿ ದನಿ ಕಳೆದುಕೊಂಡರು, ಮಗುವನ್ನು ಬೆಚ್ಚಿಸಿದರು. ಅಂದಿನಿಂದ ದಿನಕ್ಕೆ ಐದೇ ಕೂಗು. ಆರನೆಯದು ಕೇಳಿದರೆ ಚಪ್ಪಲಿ ಮೆಟ್ಟಿ ಹೊರಡುತ್ತಾರೆ.

ಆದರೂ ಈ ವರ್ಷ ಧ್ವನಿತಂತುವಿನ ಮೇಲೆ ಗಂಟು ಕಾಣಿಸಿಕೊಂಡಿದೆ. ಗಂಟಲಿನ ಡಾಕ್ಟರು ಮುಲಾಜಿಲ್ಲದೆ ಹೇಳಿದ್ದಾರೆ: "ಮೆಲ್ಲಗೆ ಮಾತಾಡ್ಕೊಂಡಿರಿ. ಕಿರುಚಿದ್ರೆ ಹೋದ ದನಿ ವಾಪಸ್ ಬರುತ್ತೆ ಅಂತ ನಾನಂತೂ ಹೇಳಲ್ಲ."

ಅದೇ ತಿಂಗಳು ಆಟದ ಕೊನೆಯ ಅಧ್ಯಾಯ ಬಂತು. ಅದರಲ್ಲಿ ದೇವಿ ಸಾಯುತ್ತಾಳೆ. ಕಂಪನಿಯವರು ಕನಿಕರದಿಂದಲೇ ಕೇಳಿದರು: ಕೂಗನ್ನು ಮಾತ್ರ ಬೇರೆಯವರಿಂದ ಮಾಡಿಸೋಣವೇ?

"ಹನ್ನೊಂದು ವರ್ಷ ಬದುಕಿದ್ದು ನಾನು. ಸಾಯೋಕೆ ಬೇರೆಯವಳನ್ನ ಕರೆಸ್ತೀರಾ?" ಎಂದು ಇವರು ಫೋನಿಟ್ಟರು.

ಹದಿನೈದರ ಮಗಳು ಸುಮ್ಮನಿರುವವಳಲ್ಲ. "ಆ ನಿನ್ನ ದೇವಿ ಯಾರ ದನೀಲಾದ್ರೂ ಸಾಯ್ಲಿ ಬಿಡಮ್ಮ. ನಂಗೆ ಕೊಟ್ಟ ಮಾತು ನೆನಪಿದೆ ತಾನೆ?" ಒಂದು ವಾರ ಜಗಳ. ಕೊನೆಗೆ ಚೌಕಾಸಿ ಕುದುರಿತು: ಒಂದೇ ಒಂದು ಕೂಗು. ಕೂಗಿ, ಬಾಯಿ ಮುಚ್ಚಿಕೊಂಡು ಮನೆಗೆ ಬರುವುದು.

ಇವತ್ತು ಆ ದಿನ. ಮೊದಲು ಆಟಗಾರನನ್ನು ದೇವಿ ಕಡೆಯ ಸಲ ಹರಸುವ ಮಾತು. ಉಸಿರಿಗಿಂತ ತುಸು ಮೇಲೆ, ಪಿಸುದನಿಯಲ್ಲಿ. ಅದು ಮುಗಿದ ಮೇಲೆ ಎರಡು ಗುಟುಕು ಬಿಸಿನೀರು. ಆಮೇಲೆ ಕೂಗು. ಹಾಸಿಗೆ ಬಡಿದ ಗೋಡೆಗಳೂ ಅದನ್ನು ಪೂರ್ತಿ ನುಂಗಲಾರವು. ಕಣ್ಣು ತೆರೆದು ನೋಡಿದರೆ ಗಾಜಿನಾಚೆ ರೆಕಾರ್ಡಿಂಗ್‌ನವನು ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ.

"ಅಕ್ಕ, ಪಿಸುಮಾತಿಗೆ ಅಂತ ಮೈಕಿನ ವಾಲ್ಯೂಮ್ ಪೂರ್ತಿ ಏರಿಸಿದ್ದೆ. ಇಳಿಸೋದು ಮರೆತೆ. ಕೂಗೆಲ್ಲ ಹರಿದುಹೋಗಿದೆ."

ಹಾಕಿ ಕೇಳಿಸುತ್ತಾನೆ. ತಗಡಿನ ಮೇಲೆ ಜಲ್ಲಿ ಸುರಿದ ಹಾಗಿದೆ.

"ನೀವು ಮನೆಗೆ ಹೋಗಿ ಅಕ್ಕ. ಹಳೇ ಕೂಗುಗಳನ್ನ ಜೋಡಿಸಿ ಏನೋ ಒಂದು ಮಾಡ್ತೀನಿ."

ಅವರು ಬಾಗಿಲ ಕಡೆ ನೋಡುತ್ತಾರೆ. ಚಪ್ಪಲಿ ಬಾಗಿಲಲ್ಲೇ ಇದೆ. ಬಸ್ಸಿಗೂ ಸಮಯವಿದೆ.

"ಹಳೇದೆಲ್ಲ ಏಟು ಬಿದ್ದಾಗಿನ ಕೂಗು ಕಣೋ. ಸಾಯೋ ಕೂಗಲ್ಲ," ಎನ್ನುತ್ತಾರೆ. ದನಿ ಆಗಲೇ ಒರಟಾಗಿದೆ. "ಈ ಸಲ ಸರಿಯಾಗಿ ನೋಡ್ಕೊಂಡು ಇಳಿಸು."

"ಬೇಡ ಅಕ್ಕ. ನಿಮ್ ಮಗಳಿಗೆ ನಾನೇನು ಹೇಳ್ಲಿ?"

"ನೀನೇನೂ ಹೇಳ್ಬೇಡ. ಇಳಿಸು."

ಅವನು ಇಳಿಸುತ್ತಾನೆ; ಎರಡು ಸಲ ನೋಡುತ್ತಾನೆ. ಅವರು ಕಣ್ಣು ಮುಚ್ಚಿ ಕೂಗುತ್ತಾರೆ. ಈ ಕೂಗಿನಲ್ಲಿ ಸಿಟ್ಟಿಲ್ಲ, ಭಯವೂ ಇಲ್ಲ. ಇಷ್ಟು ಜನರನ್ನು ಎಬ್ಬಿಸಿ ಎಬ್ಬಿಸಿ ದಣಿದವಳೊಬ್ಬಳು ಇದ್ದಾಳೆ. ಕೊನೆಗೆ ಅದು ಸಣ್ಣ ಎಳೆಯಾಗಿ, ಯಾರೂ ಕತ್ತರಿಸದೆ ತಾನಾಗಿ ನಿಲ್ಲುತ್ತದೆ. ರೆಕಾರ್ಡಿಂಗ್‌ನವನು ಹೆಬ್ಬೆರಳೆತ್ತುತ್ತಾನೆ.

ಸರಿಯಾಯಿತೇ ಎಂದು ಕೇಳಲು ಅವರು ಬಾಯಿ ತೆರೆಯುತ್ತಾರೆ. ತುಟಿ ಮಾತ್ರ ಆಡುತ್ತದೆ. ಪಟ್ಟಿಯ ಹಾಳೆ ತಿರುಗಿಸಿ ಬರೆಯುತ್ತಾರೆ: 'ಇದನ್ನೇ ಇಟ್ಕೊ. ಬೇರೆಯವರ ಕೂಗು ಸೇರಿಸಬೇಡ.' ಅವರು ಕೇಳಿದ್ದು ಅಷ್ಟೇ.

ಆಸ್ಪತ್ರೆಯಲ್ಲಿ ಅಂದು ಟೋಕನ್ನನ್ನು ಬೇರೆ ಯಾರೋ ಕೂಗಿದರು. ಸಂಜೆ ಬಾಗಿಲು ತೆರೆದ ಮಗಳು "ಹೇಗಾಯ್ತಮ್ಮ?" ಎಂದಳು. ಅಮ್ಮ ಬಾಯಿ ತೆರೆದರೆ ಬರೀ ಗಾಳಿ. ಮಗಳಿಗೆ ಕೊಟ್ಟ ಮಾತು ಮುರಿಯಿತು.