ಗದ್ದುಗೆಗೆ ಹೋಗಿ ಬಂದ ಕಾರ್ಡು

ನಾನು ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು. ಅದು ದುಬಾರಿಯಾಗಿ ಬಿದ್ದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಅಮಾವಾಸ್ಯೆಯ ದಿನ.

ದಾವಣಗೆರೆಯಲ್ಲಿ ಅಣ್ಣನೂ ನಾನೂ ಸೇರಿ ಸಣ್ಣದೊಂದು ಕಂಪ್ಯೂಟರ್ ಆಫೀಸು ನಡೆಸುತ್ತಿದ್ದೆವು. ಹರಿಹರದ ಪಂಪ್ ಕಾರ್ಖಾನೆಯೊಂದಕ್ಕೆ ತನ್ನ ಪಂಪಿನೊಳಗಿನ ಚಕ್ರ ಪರದೆಯ ಮೇಲೆ ಸುತ್ತಲೂ ತಿರುಗಿ ಕಾಣಬೇಕಿತ್ತು. ಅದಕ್ಕೆಂದೇ ಬೆಂಗಳೂರಿನಿಂದ ಗ್ರಾಫಿಕ್ಸ್ ಕಾರ್ಡ್ ತರಿಸಿ ನನ್ನ ಕೈಯಾರೆ ಕೂರಿಸಿದ್ದೆ. ಆ ಕಾರ್ಡಿಗೆ ಪ್ರೋಗ್ರಾಮ್ ಬರೆಯಬಲ್ಲವರು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ಕೊನೆಗೆ ಸಂದರ್ಶನಕ್ಕೆ ಬಂದವಳು ಭಾನುವಳ್ಳಿಯ ಹುಡುಗಿ. ಹರಿಹರದ ಕಂಪ್ಯೂಟರ್ ಸೆಂಟರೊಂದರಲ್ಲಿ ಪಾಠ ಹೇಳುತ್ತಿದ್ದಳು. ಅಂಥ ಕಾರ್ಡನ್ನು ಅವಳು ಕಣ್ಣಿಂದ ಕೂಡ ನೋಡಿರಲಿಲ್ಲ. ಅದರ ಪುಸ್ತಕದ ಜೆರಾಕ್ಸ್ ಪ್ರತಿ ಓದಿಕೊಂಡು, ನಾವು ಹೇಳಿ ಕಳಿಸಿದ್ದ ಚಕ್ರಕ್ಕೆ ಪ್ರೋಗ್ರಾಮ್ ಬರೆದು ತಂದಿದ್ದಳು.

"ಓಡ್ತೈತೋ ಇಲ್ಲೋ ಗೊತ್ತಿಲ್ರಿ ಸರ್. ನಾನೂ ಇವತ್ತೇ ನೋಡ್ಬೇಕು," ಎಂದು ಫ್ಲಾಪಿ ಹಾಕಿದಳು.

ಓಡಲಿಲ್ಲ. ಕಾರ್ಡ್ ಸಿಗುತ್ತಿಲ್ಲ ಎಂಬ ಒಂದು ಸಾಲು ಪರದೆಯ ಮೇಲೆ ಬಂದು ನಿಂತಿತು.

"ಇದ್ರಾಗೆ ಆ ಕಾರ್ಡ್ ಇಲ್ರಿ ಸರ್. ಒಂದ್ಸಲ ಡಬ್ಬಿ ಬಿಚ್ಚಿ ನೋಡ್ರಿ."

"ನೋಡಮ್ಮ, ನಾನೇ ಕೂರ್ಸೀನಿ. ಬರೆಯಾಕೆ ಬರ್ಲಿಲ್ಲ ಅಂದ್ರೆ ಮಷೀನಿನ ಮ್ಯಾಲೆ ತಪ್ಪು ಹಾಕಬ್ಯಾಡ."

ಸ್ಕ್ರೂಡ್ರೈವರ್ ಮೇಜಿನ ಮೇಲೆಯೇ ಇತ್ತು. ಅವಳು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಎದ್ದು ಹೋದಳು. ಫ್ಲಾಪಿ ಅಲ್ಲೇ ಉಳಿಯಿತು.

ಸಂಜೆ ಅಣ್ಣ ಉಕ್ಕಡಗಾತ್ರಿಯಿಂದ ಬಂದ. ಹೊಸ ಬೈಕು ಕೊಂಡರೆ ಅದರ ಕೀಲಿಯನ್ನು ಅಮಾವಾಸ್ಯೆಗೆ ಅಲ್ಲಿನ ಅಜ್ಜಯ್ಯನ ಗದ್ದುಗೆಗೆ ಮುಟ್ಟಿಸಿಕೊಂಡು ಬರುವುದು ನಮ್ಮ ಮನೆಯ ರೂಢಿ. ಅಣ್ಣ ಕರವಸ್ತ್ರ ಬಿಚ್ಚಿದ. ಒಳಗೆ ವಿಭೂತಿ ಹಚ್ಚಿಸಿಕೊಂಡ ನನ್ನ ಕಾರ್ಡು!

"ಅಷ್ಟು ಬೆಲೆಯ ಸಾಮಾನು, ಪೂಜೆ ಇಲ್ದಂಗೆ ಹೆಂಗೆ? ನಿನ್ನ ಕೆಲಸ ನಿಲ್ಲಬಾರ್ದು ಅಂತ ಬೆಳಗ್ಗೆ ಹಳೇ ಕಾರ್ಡ್ ಹಾಕಿ ಹೋಗಿದ್ದೆ."

ಅಣ್ಣನ ಮೇಲೆ ಸಿಟ್ಟು ಮಾಡಲು ನನಗೆ ಬಾಯಿ ಎಲ್ಲಿತ್ತು? ವಿಭೂತಿ ಒರೆಸಿ, ಕಾರ್ಡ್ ಕೂರಿಸಿ, ಅವಳ ಫ್ಲಾಪಿ ಓಡಿಸಿದೆ. ಚಕ್ರ ತಿರುಗಿತು. ಒಂದು ರೆಕ್ಕೆಯ ಬಣ್ಣ ತಪ್ಪಿತ್ತು, ಅಷ್ಟೇ. ನಾಚಿಕೆಯಿಂದ ಹಿಡಿಯಾದೆ.

ಮರುದಿನ ಹರಿಹರದ ಸೆಂಟರಿಗೆ ಹೋಗಿ ತಪ್ಪೊಪ್ಪಿಕೊಂಡು ಕೆಲಸಕ್ಕೆ ಕರೆದೆ. ಅವಳು ಕೇಳಿದ್ದೇ ಬೇರೆ.

"ಹೆಂಗೆ ಕಾಣ್ತಿತ್ರಿ ಸರ್?"

ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದೆ. ಬಣ್ಣ ತಪ್ಪಿದ್ದನ್ನೂ ಹೇಳಿದೆ. ತಪ್ಪು ಎಲ್ಲಿದೆಯೆಂದು ಅವಳಿಗೆ ಅಲ್ಲೇ ಹೊಳೆಯಿತು. ಚೀಟಿಯಲ್ಲಿ ಎರಡು ಸಾಲು ಬರೆದು ಕೊಟ್ಟಳು.

"ಇದನ್ನ ಹಾಕ್ರಿ, ಸರಿ ಆಗ್ತೈತೆ. ನಾ ಬರಲ್ರಿ. ಕಾರ್ಡ್ ಇಲ್ಲ ಅಂದಿದ್ದೆ, ನೀವು ಡಬ್ಬಿ ಬಿಚ್ಚಲಿಲ್ಲ."

ಹಾಕಲು ಮುಖವಿರಲಿಲ್ಲ, ಆದರೂ ಹಾಕಿದೆ. ಸರಿಯಾಯಿತು. ಕಾರ್ಖಾನೆಯವರೆಲ್ಲ ಸುತ್ತ ನಿಂತು ಮೆಚ್ಚಿಕೊಂಡರು. ಬರೆದವಳು ಮಾತ್ರ ಆ ಚಕ್ರ ತಿರುಗುವುದನ್ನು ನೋಡಲೇ ಇಲ್ಲ.