ಸೊಪ್ಪು ಹಳದಿಗೆ ಬಂತಾ?

ಈಗೀಗ ನನಗೆ ಬಣ್ಣಗುರುಡು ಎಂದರೆ ಸಾಕು, ಎದುರಿಗಿದ್ದವರು ಅಂಗಿ ಹಿಡಿದು ತೋರಿಸಿ "ಇದ್ಯಾವ ಬಣ್ಣ?" ಅನ್ನುತ್ತಾರೆ. ಕಾಲು ಮುರಿದವನಿಗೆ ಎಲ್ಲಿ ಓಡು ನೋಡೋಣ ಎಂದ ಹಾಗೆ. ಲೋಕವೇನು ನನಗೆ ಕಪ್ಪು ಬಿಳುಪಲ್ಲ. ಆಕಾಶ ನೀಲಿಯಾಗಿಯೇ ಕಾಣುತ್ತದೆ, ಬಿಳಿ ಪಂಚೆ ಬಿಳಿಯೇ. ನಾನು ಎಡವುವುದು ಹಸಿರಿನ ಸುತ್ತಮುತ್ತ. ಹಸಿಮೆಣಸಿನಕಾಯಿಗೂ ಹಣ್ಣಾದದ್ದಕ್ಕೂ, ಎಳೆ ಹಸಿರಿಗೂ ಹಳದಿಗೂ ನನ್ನ ಕಣ್ಣು ಗೆರೆ ಎಳೆಯುವುದಿಲ್ಲ.

ಇದು ಗೊತ್ತಾದದ್ದು ಹಾಸನದಲ್ಲಿ, ಡ್ರೈವರ್ ಕೆಲಸಕ್ಕೆ ಕಣ್ಣು ಪರೀಕ್ಷೆಗೆ ಹೋದಾಗ. ಚುಕ್ಕಿಗಳ ಪುಸ್ತಕ ಮುಂದಿಟ್ಟು ಅಂಕಿ ಓದು ಎಂದರು. ನನಗೆ ಬರೀ ಚುಕ್ಕಿಗಳು ಕಂಡವು. ಬಸ್ಸಿನಲ್ಲಿ ಅರಕಲಗೂಡಿಗೆ ವಾಪಸಾಗುವಾಗ ಅವ್ವ ಹೇಳಿದ್ದು ಇಷ್ಟೇ: "ಯಾರ್ತಾವೂ ಬಾಯ್ಬುಡ್ಬ್ಯಾಡ ಕಣ್ಲಾ. ಎಣ್ಣು ಕೊಡಾಕಿಲ್ಲ."

ಬಾಯಿ ಬಿಡಲಿಲ್ಲ. ಆದರೆ ನಮ್ಮದು ಹೊಗೆಸೊಪ್ಪಿನ ಬೇಸಾಯ. ಕೊಯ್ದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ, ಅಂದರೆ ಸೊಪ್ಪು ಬೇಯಿಸುವ ಎತ್ತರದ ಮನೆಗೆ ತುಂಬುತ್ತೇವೆ. ಸಣ್ಣ ಉರಿಯಲ್ಲಿ ಎಲೆ ಹಸಿರಿನಿಂದ ಹಳದಿಗೆ ತಿರುಗಬೇಕು. ತಿರುಗಿದ ಮೇಲಷ್ಟೇ ಉರಿ ಏರಿಸಬೇಕು. ಅವಸರ ಮಾಡಿದರೆ ಹಸಿರು ಎಲೆಯಲ್ಲೇ ಉಳಿದುಬಿಡುತ್ತದೆ, ಹರಾಜಿನಲ್ಲಿ ಕೇಳುವವರಿರುವುದಿಲ್ಲ. ಆ ಗಳಿಗೆಯನ್ನು ಗಾಜಿನ ಕಿಂಡಿಯಲ್ಲಿ ನೋಡಿ ಹೇಳುವವಳು ಅವ್ವ, ಪಕ್ಕದಲ್ಲಿ ತಲೆಯಾಡಿಸುವವನು ನಾನು. ಊರವರು ಮಾತ್ರ ನನ್ನನ್ನೇ ಹದ ಬಲ್ಲವನೆಂದು ಹೊಗಳುತ್ತಿದ್ದರು.

ಮದುವೆಯಾಯಿತು. ಚನ್ನರಾಯಪಟ್ಟಣದ ಕಡೆಯ ಬಾಗೂರಿನ ಹೆಣ್ಣು. ಆ ವರ್ಷ ಮೊದಲ ಎರಡು ಬ್ಯಾರನ್ ಸೊಪ್ಪೂ ಕೆಟ್ಟಿತು. ಹಸಿರಾಗಿಯೇ ಉಳಿದಿತ್ತಂತೆ, ಅದೂ ಹರಾಜಿನಲ್ಲಿ ಇನ್ನೊಬ್ಬರು ಹೇಳಿ ನನಗೆ ಗೊತ್ತಾದದ್ದು. ಎರಡು ಸಲವೂ ಹೆಂಡತಿ ಕಿಂಡಿಯ ಹತ್ತಿರ ಏನೋ ಹೇಳಲು ಬಂದಾಗ "ಅವ್ವ ಏಳಿದ್ದೇ ಸರಿ" ಎಂದು ನಾನು ಬಾಯಿ ಮುಚ್ಚಿಸಿದ್ದೆ. ಅವ್ವ ಸೌದೆಯನ್ನು ಬೈದಳು, ಮೋಡವನ್ನು ಬೈದಳು, ಸೊಸೆಯ ಕಾಲ್ಗುಣ ಎಂದೂ ಗೊಣಗಿದಳು. ಅದು ಸಾಲದೆಂದು ಬಟ್ಟೆಯ ಜಗಳ ಬೇರೆ. ಒಗೆದು ಹರವಿದ ಪಂಚೆ, ಟವೆಲು ಹಿಡಿದು "ಎಷ್ಟ್ ನೀಲಿ ಆಕಿದ್ರೂ ಅಳದಿ ಓಗಿಲ್ಲ ನೋಡು" ಎನ್ನುವಳು. ಹೆಂಡತಿ ಮತ್ತೆ ಒಗೆಯುವಳು.

ಮೂರನೆಯದೂ ಕೆಟ್ಟರೆ ವರ್ಷವೇ ಹೋದಂತೆ. ಮಧ್ಯಾಹ್ನ ಅವ್ವ ಕಿಂಡಿಯಿಂದ ಮುಖ ತೆಗೆದು "ಬಂತು, ಉರಿ ಆಕ್ಲಾ" ಎಂದಳು. ನಾನು ಸೌದೆಗೆ ಕೈ ಹಾಕಿದೆ. ಊಟಕ್ಕೆ ಕರೆಯಲು ಬಂದ ಹೆಂಡತಿ ಒಳಗೆ ಇಣುಕಿದಳು.

"ಅತ್ತೆ, ಇನ್ನೂ ಅಸುರಾಗೈತೆ."

"ತೆಂಗಿನ್ ಸೀಮೆಯೋಳು ನೀನು, ಸೊಪ್ಪಿನ್ ಇಚಾರ ನಿಂಗೇನ್ ಗೊತ್ತು?"

"ಸೊಪ್ಪು ಗೊತ್ತಿಲ್ಲ. ಅಸುರು ಗೊತ್ತು." ನನ್ನ ಕಡೆ ತಿರುಗಿದಳು. "ನೀವೇ ನೋಡಿ ಏಳಿ."

ಅವ್ವ ಕಣ್ಣಲ್ಲೇ ಎಚ್ಚರಿಸಿದಳು. ಅತ್ತ ದರಿ, ಇತ್ತ ಪುಲಿ. ಪುಲಿ ಯಾರೆಂದು ಕೇಳಬೇಡಿ.

ಕಿಂಡಿಗೆ ಹಣೆಯೊತ್ತಿದೆ. ಗಾಜು ಬೆಚ್ಚಗಿತ್ತು. ಸಾಲುಸಾಲಾಗಿ ಜೋತುಬಿದ್ದ ಎಲೆಗಳೆಲ್ಲ ನನಗೆ ಒಂದೇ. ಅವ್ವ ಹೇಳಿದ್ದೇ ಸರಿ ಎಂದುಬಿಟ್ಟರೆ ಗುಟ್ಟು ಉಳಿಯುತ್ತದೆ. ಸೊಪ್ಪು ಉಳಿಯುತ್ತದೋ ಇಲ್ಲವೋ ಯಾರಿಗೆ ಗೊತ್ತು? ಬೆವರು ಒರೆಸಿಕೊಳ್ಳಲು ಹೆಗಲ ಮೇಲಿನ ಟವೆಲು ತೆಗೆದೆ. ಬೆಳಿಗ್ಗೆ ಅವ್ವ ಹಳದಿಯೆಂದು ಬೈದಿದ್ದ ಟವೆಲು ಅದು. ನೀಲಿ ನನಗೆ ಚೆನ್ನಾಗಿಯೇ ಕಾಣುತ್ತದೆ. ಒಗೆಯುವಾಗ ಹಾಕಿದ ನೀಲಿ ಹೆಚ್ಚಾಗಿ, ಆ ಬಿಳಿ ಟವೆಲಿನ ಅಂಚೆಲ್ಲ ತಿಳಿನೀಲಿಗೆ ತಿರುಗಿತ್ತು. ಹಳದಿ ಎಲ್ಲಿಂದ ಬಂತು?

"ಅವ್ವ, ಇದ್ಯಾವ ಬಣ್ಣ?" ಈಗ ನಾನು ಯಾರ ಬಾಯಲ್ಲೂ ಸಹಿಸದ ಪ್ರಶ್ನೆ ಆವತ್ತು ನನ್ನ ಬಾಯಿಂದಲೇ ಬಂತು.

"ಅಳದಿ. ಬೆಳಿಗ್ಗೆನೇ ಏಳ್ನಿಲ್ವಾ?"

ಹೆಂಡತಿಗೆ ಹೇಳಿದೆ: "ನಂಗೆ ಅಸುರು ಅಳದಿ ಬ್ಯಾರೆ ಬ್ಯಾರೆ ಕಾಣಾಕಿಲ್ಲ. ಉಟ್ಟಿದಾಗಿಂದ್ಲೂ."

"ಬಾಯ್ಮುಚ್ಲಾ," ಎಂದು ಅವ್ವ ಗದರಿದಳು.

"ನಿಂಗೂ ಈಗ ಕಾಣ್ತಿಲ್ಲ ಕಣವ್ವ. ಈ ಟವಲ್ಲು ಬೆಳ್ಳಗೈತೆ. ನಿಂಗೆ ಎಲ್ಲಾನೂ ಅಳದಿ ಕಾಣ್ತೈತೆ."

"ಅಂಗಾದ್ರೆ ಇಷ್ಟ್ ದಿನ ಕಾಣ್ದೇನೇ ಅವ್ವ ಏಳಿದ್ದೇ ಸರಿ ಅಂತಿದ್ರಾ?" ಹೆಂಡತಿ ಕೇಳಿದಳು.

ಅವ್ವ ಟವೆಲು ಕಸಿದುಕೊಂಡು ಬಿಸಿಲಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿ ನೋಡಿದಳು, ಆಮೇಲೆ ಇನ್ನೊಂದು ಮುಚ್ಚಿ. ಪೊರೆ ಬಲಿತಿದೆ, ಅದು ಕಂಡದ್ದಕ್ಕೆಲ್ಲ ಹಳದಿ ಬಳಿಯುತ್ತದೆ ಎಂದು ಹಾಸನದ ಡಾಕ್ಟರು ಹೇಳಿದ್ದು ಆಮೇಲೆ. ಅವ್ವನಿಗೆ ಆಗಲೇ ತಿಳಿದುಹೋಗಿತ್ತು. ಅಷ್ಟು ವರ್ಷ ನನ್ನ ಕಣ್ಣಾಗಿದ್ದವಳು ಸೌದೆಯ ರಾಶಿಯ ಮೇಲೆ ಕುಸಿದು ಕೂತಳು. ನನಗೆ ಅಳು ಬಂತು.

ಒಲೆಯಲ್ಲಿ ಉರಿ ಸಣ್ಣಗೆ ಉರಿಯುತ್ತಿತ್ತು. ಏರಿಸುವುದೋ ಬಿಡುವುದೋ ಹೇಳುವವರಿಲ್ಲ. ಕೊನೆಗೆ ಅವ್ವ ಸೊಸೆಯನ್ನು ಕರೆದಳು.

"ಕಿಂಡಿ ತಾವ ಓಗು. ಏನ್ ಕಾಣ್ತೈತೋ ಅಂಗೇ ಏಳವ್ವ. ನಾವಿಬ್ರೂ ಕೇಳಿಸ್ಕೊತೀವಿ."